ಕೂತು ದುಡಿಯುವವರ ಚರಿತ್ರೆ: ಮಲೆನಾಡಿನ ಚಾಲಕ ಮತ್ತು ಅವನ ಸೀಟು

'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬುದು ನಮ್ಮ ಹಿರಿಯರ ಗಾದೆ. ನಮ್ಮ ಭಾಷೆಯಲ್ಲಿ ಕೂರುವುದೆಂದರೆ ಬಿಡುವು, ಕೆಲವೊಮ್ಮೆ ಸೋಮಾರಿತನ. ದುಡಿಯುವವನು ನಿಂತಿರಬೇಕು, ಬಾಗಿರಬೇಕು, ಇಲ್ಲವೇ ಹೊರೆ ಹೊತ್ತಿರಬೇಕು. ಕೂತಲ್ಲೇ ದುಡಿಯುವ ಒಂದು ದೊಡ್ಡ ಸಮೂಹದ ಮೈನೋವು ನಮ್ಮ ಲೆಕ್ಕಕ್ಕೆ ಬಾರದೆ ಹೋದದ್ದು ಬಹುಶಃ ಇದೇ ಕಾರಣಕ್ಕೆ. ಬಸ್ಸು, ಲಾರಿ, ಜೀಪು, ಟ್ಯಾಕ್ಸಿಗಳ ಚಾಲಕರ ಮಾತನ್ನು ನಾವು ಹೇಳುತ್ತಿದ್ದೇವೆ. ಸಾಗರ, ಹೊಸನಗರ, ತೀರ್ಥಹಳ್ಳಿಯಂಥ ತಾಲೂಕುಗಳು ಹೊರಜಗತ್ತಿಗೆ ಹತ್ತಿರವಾದದ್ದು ಈ ಜನರ ಕೈಯಿಂದ. ಅವರ ಕೈಯನ್ನು ನೆನೆಯುವ ನಾವು ಅವರ ಬೆನ್ನನ್ನು ನೆನೆಯುವುದಿಲ್ಲ.

ರಸ್ತೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ರಾಜರಿಂದ, ಸೇತುವೆಗಳಿಂದ, ಕಂಪನಿಗಳ ಮಾಲೀಕರಿಂದ ಬರೆಯುತ್ತೇವೆ. ಈ ಲೇಖನದಲ್ಲಿ ಅದನ್ನು ಚಾಲಕನ ಸೀಟಿನಿಂದ ನೋಡಲು ಯತ್ನಿಸಿದ್ದೇವೆ.

ಹೇರೆತ್ತಿನಿಂದ ಬಸ್ಸಿನವರೆಗೆ

ಈ ಮೂರು ತಾಲೂಕುಗಳ ಹಳೆಯ ದಾರಿಗಳೆಲ್ಲ ಪಶ್ಚಿಮಕ್ಕೆ, ಕಡಲಿನತ್ತ ಇಳಿಯುತ್ತವೆ. ಕೆಳದಿ ಅರಸರ ಕಾಲದಲ್ಲಿ ಕಾಳುಮೆಣಸು, ಅಡಿಕೆ, ಅಕ್ಕಿ ಘಟ್ಟದ ಕೆಳಗೆ ಹೋಗುತ್ತಿದ್ದವು. ಉಪ್ಪು ಮೇಲೆ ಬರುತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಆ ಹೆಸರಿನ ಬಾಲವೇ ಹೊಸನಗರ ತಾಲೂಕಿನ ಇಂದಿನ 'ನಗರ'. ಆ ಕಾಲದಲ್ಲಿ ಕಡಿದಾದ ಘಟ್ಟದ ದಾರಿಯಲ್ಲಿ ಸರಕು ಸಾಗಿಸುತ್ತಿದ್ದದ್ದು ಹೇರೆತ್ತುಗಳು. ಎತ್ತಿನವನು ಅದರ ಹಿಂದೆ ನಡೆಯುತ್ತಿದ್ದ. ಅವನಿಗೆ ಸೀಟಿನ ಪ್ರಶ್ನೆಯೇ ಇರಲಿಲ್ಲ. ಗಾಡಿ ದಾರಿಗಳಾದ ಮೇಲೆ ಗಾಡಿಯವನು ಮುಂದೆ, ಮೂಕಿಯ ಬುಡದಲ್ಲಿ ಕೂರತೊಡಗಿದ. ಹುಲ್ಲು ತುಂಬಿದ ಗೋಣಿಚೀಲವೇ ಅವನ ಮೆತ್ತೆ. ಕಾಲು ಜೋಮು ಹಿಡಿದರೆ ಕೆಳಗಿಳಿದು ನಡೆಯುವ ಸ್ವಾತಂತ್ರ್ಯ ಅವನಿಗಿತ್ತು. ಅವನ ನಂತರ ಬಂದ ಮೋಟಾರು ಚಾಲಕನಿಗೆ ದಕ್ಕದೇ ಹೋದದ್ದು ಈ ಸ್ವಾತಂತ್ರ್ಯವೇ.

ಕರಾವಳಿಯಲ್ಲಿ 1914ರಲ್ಲೇ ಕೆನರಾ ಪಬ್ಲಿಕ್ ಕನ್ವೇಯನ್ಸ್, ಅಂದರೆ ಜನರ ಬಾಯಲ್ಲಿ ಸಿಪಿಸಿ, ಮಂಗಳೂರಿನಲ್ಲಿ ಹುಟ್ಟಿತು. ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಗಿ, 1961ರಲ್ಲಿ ನಿಗಮವಾಯಿತು. ಆದರೆ ಮಲೆನಾಡಿನ ಒಳದಾರಿಗಳಲ್ಲಿ ದಶಕಗಳ ಕಾಲ ಓಡಿದ್ದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಸಾಗರದ ಗಜಾನನ, ಕೊಪ್ಪ ಕಡೆಯ ಶಂಕರ್ ಮುಂತಾದ ಹೆಸರುಗಳು ಇಲ್ಲಿನ ಜನರಿಗೆ ಮನೆಯವರ ಹೆಸರಿನಷ್ಟೇ ಪರಿಚಿತ. ತೀರ್ಥಹಳ್ಳಿ ತಾಲೂಕಿನ ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳು; ಹೊಸನಗರದಿಂದ ಕುಂದಾಪುರದ ಕಡೆಗಿಳಿಯುವ ಹುಲಿಕಲ್ ಘಾಟಿ; ಸಾಗರದಿಂದ ಭಟ್ಕಳಕ್ಕೆ ಹೋಗುವ ಕೋಗಾರು ಘಾಟಿ. ಜೊತೆಗೆ ನಾಡಿನಲ್ಲೇ ಅತಿ ಹೆಚ್ಚು ಸುರಿಯುವ ಮಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ಸಾಗರ, ಹೊಸನಗರಗಳ ಎಷ್ಟೋ ಹಳ್ಳಿಗಳ ಜೊತೆ ಅವುಗಳ ದಾರಿಗಳೂ ಮುಳುಗಿದವು. ನೇರ ದಾರಿ ಹೋಗಿ ಸುತ್ತುದಾರಿ ಉಳಿಯಿತು. ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಈ ಅರವತ್ತು ವರ್ಷಗಳ ಸುತ್ತಾಟದ ಒಂದು ಪಾಲು ಪ್ರಯಾಣಿಕರ ಮೇಲೆ ಬಿದ್ದರೆ, ಪ್ರತಿದಿನದ ಪಾಲು ಚಾಲಕರ ಸೊಂಟದ ಮೇಲೆ ಬಿತ್ತು.

ಛಾಸಿಯ ಮೇಲೊಂದು ಹಲಗೆ

ಹಳೆಯ ಬಸ್ಸಿನ ಚಾಲಕನ ಸೀಟು ಏಕೆ ಹಾಗಿತ್ತು ಎಂದು ತಿಳಿಯಲು ಬಸ್ಸು ಹುಟ್ಟುತ್ತಿದ್ದ ಬಗೆಯನ್ನು ನೋಡಬೇಕು. ಕಾರಿನಂತೆ ಬಸ್ಸು ಕಾರ್ಖಾನೆಯಿಂದ ಪೂರ್ತಿಯಾಗಿ ಬರುತ್ತಿರಲಿಲ್ಲ. 1954ರಿಂದ ಟಾಟಾ-ಮರ್ಸಿಡಿಸ್ ಬೆಂಜ್, 1955ರಿಂದ ಅಶೋಕ್ ಲೇಲ್ಯಾಂಡ್ ಹೆಸರಿನಲ್ಲಿ ನಮ್ಮ ದೇಶದಲ್ಲಿ ತಯಾರಾದದ್ದು ಹೆಚ್ಚಾಗಿ ಬರೀ ಛಾಸಿ, ಅಂದರೆ ಇಂಜಿನ್, ಚಕ್ರ ಮತ್ತು ಚೌಕಟ್ಟು. ಆ ಬೋಳು ಛಾಸಿಯನ್ನು ಚಾಲಕನೊಬ್ಬ ತಾತ್ಕಾಲಿಕ ಆಸನದ ಮೇಲೆ ಕೂತು, ಗಾಳಿ ಮಳೆಗೆ ಮೈಯೊಡ್ಡಿ ನೂರಾರು ಮೈಲಿ ಓಡಿಸಿಕೊಂಡು ಬಾಡಿ ಕಟ್ಟುವವರ ಶೆಡ್ಡಿಗೆ ತರುತ್ತಿದ್ದ. ಅಲ್ಲಿ ಮಾಲೀಕ ಕೇಳುತ್ತಿದ್ದ ಮೊದಲ ಪ್ರಶ್ನೆ, ಎಷ್ಟು ಸೀಟು ಕೂರಿಸಬಹುದು ಎಂಬುದು. ಟಿಕೆಟ್ ಕೊಳ್ಳುವವರ ಸೀಟುಗಳ ಲೆಕ್ಕ ಮುಗಿದ ಮೇಲೆ ಉಳಿದ ಮೂಲೆ ಚಾಲಕನದು. ಕಬ್ಬಿಣದ ಕಾಲು, ಮೇಲೆ ಹಲಗೆ, ಹಲಗೆಯ ಮೇಲೆ ತೆಳ್ಳನೆಯ ಮೆತ್ತೆ, ಅದಕ್ಕೆ ರೆಕ್ಸಿನ್ ಹೊದಿಕೆ. ಬೋಲ್ಟಿನಿಂದ ಬಿಗಿದ ಮೇಲೆ ಅದು ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಎಡಗಡೆ ಇಂಜಿನ್. ಅದರ ಬಿಸಿ ಎಡಗಾಲಿಗೆ, ಬಲಗಡೆಯ ಕಿಟಕಿಯಿಂದ ಬರುವ ಮಳೆಯ ಎರಚಲು ಬಲತೋಳಿಗೆ. ಪವರ್ ಸ್ಟೀರಿಂಗ್ ಇಲ್ಲದ ದಿನಗಳಲ್ಲಿ ಹಿಮ್ಮುರಿ ತಿರುವಿನಲ್ಲಿ ಚಾಲಕ ಸೀಟಿನಿಂದ ಅರ್ಧ ಎದ್ದು, ಎದೆಯ ಭಾರವನ್ನೆಲ್ಲ ಚಕ್ರದ ಮೇಲೆ ಹಾಕಿ ತಿರುಗಿಸಬೇಕಿತ್ತು. ನುಣುಪಾದ ರೆಕ್ಸಿನ್ ಮೇಲೆ ಮೈ ಜಾರುತ್ತದೆ. ಜಾರದಂತೆ ತಡೆಯಲು ಅವನಿಗಿದ್ದ ಆಧಾರವೂ ಅದೇ ಸ್ಟೀರಿಂಗ್. ವಾಹನವನ್ನು ತಿರುಗಿಸಬೇಕಾದ ಕೈ ತನ್ನ ಮೈಯನ್ನೂ ಹಿಡಿದುಕೊಳ್ಳಬೇಕು. ಸ್ಪೋರ್ಟ್ಸ್ ಕಾರಿನ ಸೀಟು ಹುಟ್ಟಿದ್ದು ಇದೇ ತೊಡಕನ್ನು ಬಿಡಿಸಲು ಎಂಬುದನ್ನು ಮುಂದೆ ನೋಡಲಿದ್ದೇವೆ.

ಸಣ್ಣ ವಾಹನಗಳ ಕಥೆ ಬೇರೆ. 1947ರಿಂದ ಮಹೀಂದ್ರ ಕಂಪನಿ ಜೋಡಿಸಿ ಮಾರಿದ ಜೀಪು ಮಲೆನಾಡಿನ ಕಾಡುದಾರಿಗೆ ಹೇಳಿ ಮಾಡಿಸಿದಂತಿತ್ತು. ಯುದ್ಧಭೂಮಿಗಾಗಿ ರೂಪುಗೊಂಡ ಆ ಗಾಡಿಯಲ್ಲಿ ಕೂರುವವನ ಸುಖದ ಯೋಚನೆಗೆ ಜಾಗವಿರಲಿಲ್ಲ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕಿತ್ತು. ಬಾಡಿಗೆಯವರಿಗೆ ಅದು ಇನ್ನಿಬ್ಬರನ್ನು ಕೂರಿಸಲು ಅನುಕೂಲ. ಆದರೆ ಗಿಡ್ಡ ಚಾಲಕ ಅದನ್ನು ಮುಂದಕ್ಕೆಳೆದರೆ ಪಕ್ಕದಲ್ಲಿ ಕೂತ ಎತ್ತರದ ಮನುಷ್ಯನ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಒಂದೇ ಬೆಂಚಿನಲ್ಲಿ ಎರಡು ಅಳತೆಯ ಮನುಷ್ಯರಿಗೆ ನ್ಯಾಯ ಸಿಗುವುದು ಕಷ್ಟ.

ಯಾರಿಗೂ ಆಗದ ಸರಾಸರಿ

ಎಲ್ಲರಿಗೂ ಹೊಂದುವ ಒಂದು ಸೀಟು ಸಾಧ್ಯವೇ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕಿದ್ದು ಅಮೆರಿಕದ ವಾಯುಪಡೆಯಲ್ಲಿ. ಅಲ್ಲಿನ ಯುದ್ಧವಿಮಾನಗಳ ಚಾಲಕ ಕೋಣೆಯನ್ನು 1920ರ ದಶಕದಲ್ಲಿ ತೆಗೆದ ಸರಾಸರಿ ಅಳತೆಗಳಿಗೆ ತಕ್ಕಂತೆ ಮಾಡಲಾಗಿತ್ತು. 1950ರ ಸುಮಾರಿಗೆ ಅಪಘಾತಗಳು ಹೆಚ್ಚಿದಾಗ 4,063 ಪೈಲಟ್‌ಗಳ ಮೈಯಳತೆ ತೆಗೆದರು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಸಂಶೋಧಕ ಎತ್ತರ, ಎದೆ, ತೋಳು ಮುಂತಾದ 10 ಮುಖ್ಯ ಅಳತೆಗಳನ್ನು ಆರಿಸಿ, ಹತ್ತರಲ್ಲೂ ಸರಾಸರಿಗೆ ಹತ್ತಿರವಿರುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದ. ಉತ್ತರ: ಒಬ್ಬನೂ ಇಲ್ಲ. ಸರಾಸರಿ ಮನುಷ್ಯನಿಗಾಗಿ ಮಾಡಿದ ಸೀಟು ಯಾವ ಮನುಷ್ಯನಿಗೂ ಮಾಡಿದ್ದಲ್ಲ ಎಂದಾಯಿತು. ಅಂದಿನಿಂದ ಪೈಲಟ್ ಸೀಟಿಗೆ ಹೊಂದಿಕೊಳ್ಳುವ ಬದಲು, ಸೀಟೇ ಪೈಲಟ್‌ಗೆ ಹೊಂದಿಕೊಳ್ಳಬೇಕೆಂಬ ನಿಯಮ ಬಂತು.

ಸಾಗರ, ಸೊರಬದ ಗುಡಿಗಾರರು ಇದನ್ನು ಕೇಳಿದರೆ ನಗಬಹುದು. ಗಂಧದ ತುಂಡಿನಲ್ಲಿ ಮೂರ್ತಿ ಕಡೆಯುವವರಿಗೆ ತಾಳಮಾನ ಗೊತ್ತು. ಮುಖದ ಅಳತೆಯನ್ನು ಮಾನವಾಗಿಟ್ಟುಕೊಂಡು ಉಳಿದ ಅಂಗಗಳ ಪ್ರಮಾಣ ನಿಲ್ಲಿಸುವ ವಿದ್ಯೆ ಅದು. ಅಂಥ ಆದರ್ಶ ಪ್ರಮಾಣ ದೇವರಿಗೆ ಮಾತ್ರ ಸಲ್ಲುತ್ತದೆ. ಮನುಷ್ಯರಲ್ಲಿ ಒಬ್ಬನ ಕಾಲು ಉದ್ದ, ಇನ್ನೊಬ್ಬನ ಮುಂಡ ಉದ್ದ.

ನಮ್ಮ ದೇಶದ ಮಟ್ಟಿಗೆ ಇನ್ನೊಂದು ತೊಡಕೂ ಇತ್ತು. ಹೊರದೇಶದ ವಿನ್ಯಾಸದ ವಾಹನ ಹೊರದೇಶದ ಮೈಯ ಲೆಕ್ಕದಲ್ಲಿ ಬರುತ್ತಿತ್ತು. ಭಾರತೀಯರ ಮೈಯಳತೆಗಳನ್ನು ವಿನ್ಯಾಸಕಾರರ ಉಪಯೋಗಕ್ಕಾಗಿ ಕ್ರೋಡೀಕರಿಸಿದ ದೇಬಕುಮಾರ ಚಕ್ರವರ್ತಿಯವರ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಪ್ರಕಟಿಸಿದ್ದು 1997ರಲ್ಲಿ. ಅಂದರೆ ನಮ್ಮಲ್ಲಿ ಬಸ್ಸು ಓಡಲು ಆರಂಭವಾಗಿ ಎಂಟು ದಶಕಗಳಾದ ಮೇಲೆ.

ವೈದ್ಯರು ಅಳೆದದ್ದು

ಕೂತು ದುಡಿಯುವುದು ಸುಖದ ಕೆಲಸವಲ್ಲ ಎಂಬುದನ್ನು ವಿಜ್ಞಾನ ಒಪ್ಪಿದ್ದೂ ಬಸ್ಸುಗಳ ಮೂಲಕವೇ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಚಾಲಕರಲ್ಲಿ ಹೃದಯಾಘಾತ ಹೆಚ್ಚು ಎಂದು ಜೆರೆಮಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ತೋರಿಸಿದರು. 1956ರಲ್ಲಿ ಅವರು ಸಂಸ್ಥೆ ಹೊಲಿಸಿಕೊಟ್ಟ ಸಮವಸ್ತ್ರಗಳ ಅಳತೆಯನ್ನೇ ತೆಗೆದು ನೋಡಿದರು. ಚಾಲಕರ ಪ್ಯಾಂಟಿನ ಸೊಂಟ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಿತ್ತು. ಕೆಲಸ ಮೈಯನ್ನು ಹೇಗೆ ತಿದ್ದುತ್ತದೆ ಎಂಬುದಕ್ಕೆ ದರ್ಜಿಯ ಲೆಕ್ಕದ ಪುಸ್ತಕ ಸಾಕ್ಷಿ ಹೇಳಿತು.

ಬೆನ್ನಿನ ವಿಷಯದಲ್ಲಿ 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್‌ಸನ್ ಬೆನ್ನುಮೂಳೆಯ ಬಿಲ್ಲೆಗಳೊಳಗಿನ ಒತ್ತಡವನ್ನು ಅಳೆದರು. ಆಸರೆಯಿಲ್ಲದೆ ಕೂತಾಗ ಈ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು ಎಂದು ಅವರಿಗೆ ಕಂಡಿತು. ಆ ವ್ಯತ್ಯಾಸ ಅಷ್ಟು ದೊಡ್ಡದಲ್ಲ ಎಂದು ನಂತರದ ಅಳತೆಗಳು ಹೇಳಿದವು. ಆದರೆ ಸೊಂಟಕ್ಕೆ ಒಳ್ಳೆಯ ಒರಗು ಸಿಕ್ಕರೆ ಭಾರ ಇಳಿಯುತ್ತದೆ ಎಂಬುದು ಸುಳ್ಳಾಗಲಿಲ್ಲ.

ಇದಕ್ಕೆ ರಸ್ತೆಯ ಅದುರುವಿಕೆ ಸೇರುತ್ತದೆ. ಕೂತ ಮನುಷ್ಯನ ಮೈ ಸೆಕೆಂಡಿಗೆ ಸುಮಾರು 4ರಿಂದ 8 ಬಾರಿಯ ಮೇಲೆ-ಕೆಳಗಿನ ಅಲುಗಾಟಕ್ಕೆ ಅತಿಯಾಗಿ ಸ್ಪಂದಿಸುತ್ತದೆ. 1974ರಲ್ಲಿ ಮೊದಲು ಬಂದ ಐಎಸ್‌ಒ 2631 ಎಂಬ ಅಂತರರಾಷ್ಟ್ರೀಯ ಮಾನದಂಡ ಇದನ್ನು ಗುರುತಿಸಿತು. ಹೊಂಡ ಬಿದ್ದ ರಸ್ತೆಯಲ್ಲಿ ಭಾರದ ವಾಹನ ಅಲುಗುವುದೂ ಬಹುಮಟ್ಟಿಗೆ ಇದರ ಆಸುಪಾಸಿನಲ್ಲೇ. ಮೆತ್ತೆ ಹೆಚ್ಚು ಮೆದುವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ತೀರಾ ಮೆದುವಾದ ಫೋಮು ಈ ಅಲುಗಾಟವನ್ನು ತಗ್ಗಿಸುವ ಬದಲು ಹೆಚ್ಚಿಸಲೂಬಹುದು. ಹಳೆಯ ಚಾಲಕರು ಮೆತ್ತನೆಯ ಸೀಟಿಗಿಂತ ಬಿಗಿಯಾದ ಸೀಟನ್ನು ಬಯಸುತ್ತಿದ್ದುದರಲ್ಲಿ ಅನುಭವದ ಜಾಣತನವಿತ್ತು.

ಹತ್ತಿಯ ಬಿಲ್ಲು, ಕುಶನ್ ಅಂಗಡಿ

ಕಂಪನಿ ಕೊಡದ ಹೊಂದಿಕೆಯನ್ನು ಕೊಟ್ಟವರು ಯಾರು? ಮೊದಲು ಚಾಲಕನೇ. ಮಡಚಿದ ಟವೆಲು, ಮನೆಯಿಂದ ತಂದ ದಿಂಬು, ಬೆವರು ಆರಲೆಂದು ಮರದ ಮಣಿಗಳ ಹೊದಿಕೆ, ಮಂಚದಂತೆ ಪ್ಲಾಸ್ಟಿಕ್ ವಯರು ಹೆಣೆದ ಸೀಟು, ಇವೆಲ್ಲ ಅವನದೇ ಆವಿಷ್ಕಾರಗಳು. ಬಸ್ಸು ಒಂದೇ, ಚಾಲಕರು ಇಬ್ಬರು ಮೂವರು. ಹಾಗಾಗಿ ಪಾಳಿ ಮುಗಿದಾಗ ಬುತ್ತಿಚೀಲದ ಜೊತೆ ತನ್ನ ಮೆತ್ತೆಯನ್ನೂ ಕಂಕುಳಲ್ಲಿರಿಸಿಕೊಂಡು ಹೋಗುವ ಚಾಲಕರುಂಟು.

ಎರಡನೆಯವನು ಕುಶನ್ ಕೆಲಸದವನು. ಈ ಕಸುಬಿನ ಬೇರು ಹತ್ತಿಯಲ್ಲಿದೆ. ಕನ್ನಡ ನಾಡಿನ ಪಿಂಜಾರ ಅಥವಾ ನದಾಫ್ ಸಮುದಾಯದವರು ತಲೆತಲಾಂತರದಿಂದ ಬಿಲ್ಲಿನ ಹೆದೆಯಿಂದ ಹತ್ತಿ ಹಿಂಜಿ ಹಾಸಿಗೆ, ದಿಂಬು ಮಾಡಿಕೊಟ್ಟವರು. ಮಸೀದಿಯ ಕೇರಿಯಲ್ಲಿ ಬದುಕಿ, ಎಲ್ಲ ಜಾತಿಯ ಮನೆಗಳ ಅಂಗಳದಲ್ಲಿ ಕೂತು ಹಾಸಿಗೆ ಹೊಲಿದ ಈ ಜನ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬರುವುದು ಕಡಿಮೆ. ಗಂಟುಕಟ್ಟಿದ ಹತ್ತಿಯನ್ನು ಮತ್ತೆ ಹಿಂಜಿ ಉಸಿರಾಡುವಂತೆ ಮಾಡುವುದು, ಎಲ್ಲಿ ಹೆಚ್ಚು ತುಂಬಬೇಕು, ಎಲ್ಲಿ ಟಾಕು ಹಾಕಿ ತಗ್ಗಿಸಬೇಕು ಎಂದು ಕೈಯಿಂದಲೇ ತಿಳಿಯುವುದು ಅವರ ವಿದ್ಯೆ. ಹತ್ತಿ, ಬೂರುಗ, ತೆಂಗಿನ ನಾರುಗಳ ಜಾಗಕ್ಕೆ ಕ್ರಮೇಣ ಫೋಮು ಬಂತು. ಜರ್ಮನಿಯ ಒಟ್ಟೊ ಬೇಯರ್ 1937ರಲ್ಲಿ ಕಂಡುಹಿಡಿದ ಪಾಲಿಯುರಿಥೇನ್ ಕೊನೆಗೆ ಜಗತ್ತಿನ ಬಹುಪಾಲು ಸೀಟುಗಳನ್ನು ತುಂಬಿತು. ಬಿಲ್ಲು ಸುಮ್ಮನಾಯಿತು. ಇಂದು ಪೇಟೆಗಳಲ್ಲಿ ಕುಶನ್ ಕೆಲಸ ಮಾಡುವವರಲ್ಲಿ ಎಲ್ಲ ಸಮುದಾಯದವರೂ ಇದ್ದಾರೆ. ಆದರೆ ಮೈಗೆ ತಕ್ಕಂತೆ ತುಂಬಬೇಕೆಂಬ ಮೂಲ ವಿದ್ಯೆ ಬದಲಾಗಿಲ್ಲ.

ಅಂಥ ಕೆಲಸಗಾರ ನೋಡುವುದು ಕೆಲವೇ ಅಂಶಗಳನ್ನು. ಬೆನ್ನು ಒರಗಿಗೆ ತಾಗಿದಾಗ ಮೊಣಕಾಲಿನ ಹಿಂದೆ ಎರಡು ಮೂರು ಬೆರಳಿನಷ್ಟು ಜಾಗ ಉಳಿಯಬೇಕು. ಉಳಿಯದಿದ್ದರೆ ಸೀಟು ಉದ್ದವಾಯಿತು, ಕಾಲು ಜೋಮು ಹಿಡಿಯುತ್ತದೆ. ಬೆಲ್ಟು ಕಟ್ಟುವ ಎತ್ತರದಲ್ಲಿ ಬೆನ್ನು ಸಹಜವಾಗಿ ಒಳಬಾಗುತ್ತದೆ. ಅಲ್ಲಿ ಒರಗು ಸ್ವಲ್ಪ ಉಬ್ಬಿರಬೇಕು. ಭುಜ ಸೀಟಿಗೆ ತಾಗಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಲುಪಬೇಕು. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಕೊಂಚ ಮಡಚಿರಬೇಕು.

ಸ್ಪೋರ್ಟ್ಸ್ ಕಾರಿನ ಪಾಠ

ಇದೇ ಕೆಲಸವನ್ನು ಶ್ರೀಮಂತ ಜಗತ್ತು ಬೇರೆ ಹೆಸರಿನಲ್ಲಿ ಮಾಡಿತು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 1906ರಲ್ಲಿ ಹುಟ್ಟಿದ ರಾಯ್ಟರ್ ಕಂಪನಿ ಪೋರ್ಶೆ 356 ಕಾರುಗಳಿಗೆ ಬಾಡಿ ಕಟ್ಟುತ್ತಿತ್ತು. 1963ರ ಸುಮಾರಿಗೆ ಬಾಡಿ ಕಾರ್ಖಾನೆ ಪೋರ್ಶೆಯ ಕೈಸೇರಿದಾಗ ಉಳಿದವರು ಸೀಟಿನ ಕೆಲಸಕ್ಕೇ ನಿಂತರು. ರಾಯ್ಟರ್ ಮತ್ತು ಕರೋಸರಿ ಎಂಬೆರಡು ಪದಗಳ ಮೊದಲಕ್ಷರಗಳು ಕೂಡಿ ರೆಕಾರೊ ಎಂಬ ಹೆಸರಾಯಿತು. ಅವರ ಸ್ಪೋರ್ಟ್ಸ್ ಸೀಟಿನ ಎರಡೂ ಬದಿ ಎತ್ತರ. ತಿರುವಿನಲ್ಲಿ ಮೈಯನ್ನು ಸೀಟು ಹಿಡಿದುಕೊಳ್ಳುತ್ತದೆ, ಕೈ ಸ್ಟೀರಿಂಗಿಗೆ ಬಿಡುವಾಗುತ್ತದೆ. ಆಗುಂಬೆಯ ಚಾಲಕ ರೆಕ್ಸಿನ್ ಹಲಗೆಯ ಮೇಲೆ ಜಾರುತ್ತ ಬಯಸಿದ್ದು ಇದನ್ನೇ.

ಆದರೆ ಮೈಯನ್ನು ಬಿಗಿಯಾಗಿ ಹಿಡಿಯುವ ಸೀಟಿಗೆ ಮೈಯ ಅಳತೆ ತಪ್ಪಿದರೆ ಅದು ಸಂಕೋಲೆಯಾಗುತ್ತದೆ. ಅಗಲ ಸೊಂಟದವರಿಗೆ ಬದಿಯ ಉಬ್ಬು ತೊಡೆಯನ್ನು ಕೊರೆಯುತ್ತದೆ. ತೆಳ್ಳಗಿನವರು ಅದರೊಳಗೆ ಅಲುಗಾಡುತ್ತಾರೆ. ಚಪ್ಪಟೆ ಬೆಂಚಿನಲ್ಲಿ ಪಕ್ಕಕ್ಕಾದರೂ ಸರಿಯಬಹುದಿತ್ತು, ಇಲ್ಲಿ ಅದೂ ಇಲ್ಲ. ಲಕ್ಷಾಂತರ ರೂಪಾಯಿ ಕೊಟ್ಟ ಕಾರಿನ ಸೀಟಿಗೂ ಕೊನೆಗೆ ಕುಶನ್ ಕೆಲಸದವನೇ ಗತಿ. ಹೊದಿಕೆ ಬಿಚ್ಚಿ ಬದಿಯ ಫೋಮನ್ನು ಕೆತ್ತುವುದು, ಖಾಲಿ ಇದ್ದಲ್ಲಿ ಗಟ್ಟಿ ಫೋಮಿನ ಪದರ ಸೇರಿಸುವುದು, ಸೊಂಟದ ಹಿಂದೆ ಮೆತ್ತೆ ಕೊಡುವುದು. ಇಲ್ಲಿ ಎರಡು ಎಚ್ಚರ ಬೇಕು. ಸೀಟಿನ ಬದಿಯಲ್ಲಿ ಗಾಳಿಚೀಲವಿರುವ ಕಾರಿನ ಸೀಟಿಗೆ ಬಿಗಿ ಹೊದಿಕೆ ಹೊಲಿದರೆ ಅಪಘಾತದ ಹೊತ್ತಿನಲ್ಲಿ ಅದು ಬಿಚ್ಚಿಕೊಳ್ಳದೆ ಹೋಗಬಹುದು. ಕೆಳಗೆ ದಪ್ಪನೆಯ ಮೆದು ದಿಂಬು ಹಾಕಿದರೆ ಡಿಕ್ಕಿಯಾದಾಗ ಮೈ ಸೀಟ್ ಬೆಲ್ಟಿನಡಿ ಜಾರಬಹುದು.

ಫಾರ್ಮುಲಾ ಒನ್ ಪಂದ್ಯದ ಕಾರುಗಳಲ್ಲಿ ಈ ವಿದ್ಯೆ ತುದಿ ಮುಟ್ಟಿದೆ. ಅಲ್ಲಿ ಚಾಲಕನನ್ನು ಕಾರಿನ ಗೂಡಿನಲ್ಲಿ ಕೂರಿಸಿ, ಅವನ ಹಿಂದೆ ಚೀಲದಲ್ಲಿ ದ್ರವ ಫೋಮು ಸುರಿಯುತ್ತಾರೆ. ಅದು ಉಬ್ಬಿ ಗಟ್ಟಿಯಾದಾಗ ಅವನೊಬ್ಬನ ಬೆನ್ನಿನ ಅಚ್ಚು ಸಿಗುತ್ತದೆ. ಆ ಅಚ್ಚಿನಂತೆ ಕಾರ್ಬನ್ ನಾರಿನ ಸೀಟು ತಯಾರಾಗುತ್ತದೆ. 2005ರಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ಚಾಲಕನಾದ ನಾರಾಯಣ್ ಕಾರ್ತಿಕೇಯನ್ ಓಡಿಸಿದ್ದು ಇಂಥ ಕಾರುಗಳ ಸಾಲಿನಲ್ಲೇ. ಎರಡು ಗಂಟೆಯೊಳಗೆ ಮುಗಿಯುವ ಪಂದ್ಯಕ್ಕೆ ಒಬ್ಬನ ಬೆನ್ನಿನ ಅಚ್ಚಿನ ಸೀಟು. ಮೂವತ್ತು ವರ್ಷ ಘಾಟಿ ಇಳಿದು ಹತ್ತುವವನಿಗೆ ಬೋಲ್ಟು ಬಿಗಿದ ಹಲಗೆ. ಇದರಲ್ಲಿ ಯಂತ್ರವಿದ್ಯೆಯ ಕೊರತೆ ಎಲ್ಲಿದೆ? ಯಾರ ಬೆನ್ನಿಗೆ ಬೆಲೆ ಕಟ್ಟಿದ್ದೇವೆ ಎಂಬುದಷ್ಟೇ ಇಲ್ಲಿ ಕಾಣುವುದು.

ಕಾನೂನು ಬಂದ ದಾರಿ

ಕಾನೂನು ಮೊದಲು ಗಂಟೆಗಳನ್ನು ಎಣಿಸಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಅದು ಸೇರಿಹೋಗಿದೆ. ಸೀಟಿನ ಮಾತು ಬಂದದ್ದು ತಡವಾಗಿ. ಬಸ್ ಬಾಡಿಗಾಗಿ ರೂಪಿಸಿದ ಎಐಎಸ್-052 ಎಂಬ ಮಾನದಂಡ ಚಾಲಕನ ಸೀಟನ್ನೂ ಅಳತೆಯ ನಿಯಮದೊಳಗೆ ತಂದಿತು. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಚಾಲಕ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಇವೆಲ್ಲ ಸ್ವಾಗತಾರ್ಹವೇ. ಆದರೆ ಹೊಸ ವಾಹನದ ನಿಯಮ ಹಳೆಯ ಬಸ್ಸಿನ ಚಾಲಕನನ್ನು ತಲುಪುವುದಿಲ್ಲ. ಮಲೆನಾಡಿನ ಒಳದಾರಿಗಳಲ್ಲಿ ಹಳೆಯ ಬಸ್ಸುಗಳ ಆಯುಸ್ಸು ದೊಡ್ಡದು.

ಚಾಲಕರೇ ಮಾಲೀಕರಾದ ಒಂದು ಪ್ರಯೋಗವೂ ಈ ನೆಲದಲ್ಲೇ ನಡೆದಿದೆ. ಶಂಕರ್ ಕಂಪನಿಯ ಕಾರ್ಮಿಕರು 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಚಾಲಕ, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಅದರ ಒಡೆಯರು. ತೀರ್ಥಹಳ್ಳಿಯೂ ಸೇರಿದಂತೆ ಮಲೆನಾಡಿನ ಊರುಗಳಿಗೆ ಸುಮಾರು ಮೂರು ದಶಕ ಸೇವೆ ಕೊಟ್ಟ ಆ ಸಂಸ್ಥೆ ಏರುವ ಖರ್ಚಿನ ಭಾರ ತಾಳದೆ 2020ರಲ್ಲಿ ಬಸ್ಸುಗಳನ್ನು ನಿಲ್ಲಿಸಿತು. ಅದು ಮುಚ್ಚಿತೆಂಬುದು ನೋವಿನ ಸಂಗತಿ. ಆದರೂ ಸೀಟಿನ ಮೇಲೆ ಕೂತವನೇ ಸಭೆಯಲ್ಲೂ ಕೂತು ತೀರ್ಮಾನ ಮಾಡಬಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು.

ನಮ್ಮ ಬೇಡಿಕೆ ದೊಡ್ಡದಲ್ಲ. ಓಡುತ್ತಿರುವ ಪ್ರತಿ ಬಸ್ಸಿನಲ್ಲೂ ಹಿಂದೆ ಮುಂದೆ, ಮೇಲೆ ಕೆಳಗೆ ಸರಿಯುವ ಒಂದು ಚಾಲಕನ ಸೀಟು. ವರ್ಷಕ್ಕೊಮ್ಮೆ ಟಯರಿನ ಜೊತೆ ಸೀಟಿನ ಫೋಮನ್ನೂ ಪರೀಕ್ಷಿಸುವ ಪದ್ಧತಿ. ಸ್ಟೀರಿಂಗ್ ಹಿಡಿಯಲು ಬರುತ್ತಿರುವ ಹೆಣ್ಣುಮಕ್ಕಳ ಅಳತೆಯನ್ನೂ ಲೆಕ್ಕಕ್ಕಿಡುವ ವಿನ್ಯಾಸ. ಇದು ಚಾಲಕನಿಗೆ ಮಾಡುವ ಉಪಕಾರವಲ್ಲ. ಬೆನ್ನು ಸೆಳೆಯುವವನ ಗಮನ ಅರ್ಧ ಬೆನ್ನಿನಲ್ಲಿರುತ್ತದೆ. ಅವನ ಹಿಂದೆ ಐವತ್ತು ಜನ ಕೂತಿರುತ್ತಾರೆ, ಪಕ್ಕದಲ್ಲಿ ಕಣಿವೆ ಇರುತ್ತದೆ. ಕೂತು ಉಣ್ಣುವವರ ಬಗ್ಗೆ ಗಾದೆ ಕಟ್ಟಿದ ನಾವು, ಕೂತು ದುಡಿಯುವವರ ಬೆನ್ನಿಗೆ ಒಂದು ಆಸರೆಯನ್ನಾದರೂ ಕೊಡಬೇಡವೇ?